ಬಿಕ್ಕೋಡಿನಿಂದ ಹಳೇಬೀಡಿಗೆ: ಕುದುರೆಯ ಒಂದು ಹಗಲು

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿ ಕೇಂದ್ರದಿಂದ ಬೇಲೂರಿಗೆ ಹತ್ತು ಹನ್ನೆರಡು ಕಿ.ಮೀ. ದಾರಿ, ಬೇಲೂರಿನಿಂದ ಹಳೇಬೀಡಿಗೆ ಇನ್ನೊಂದು 16 ಕಿ.ಮೀ. ಕಾರಿನಲ್ಲಿ ಹೋದರೆ ಒಂದು ಗಂಟೆಯೊಳಗೆ ಮುಗಿದುಹೋಗುವ ಈ ದಾರಿ ಕುದುರೆಗೆ ಸರಿಯಾಗಿ ಒಂದು ಹಗಲಿನದು. ನಡಿಗೆಯಲ್ಲಿ ಕುದುರೆ ಗಂಟೆಗೆ 6ರಿಂದ 7 ಕಿ.ಮೀ. ಸಾಗುತ್ತದೆ. ನಡುನಡುವೆ ಕುಕ್ಕುಲೋಟ, ಮಧ್ಯಾಹ್ನ ಒಂದು ದೀರ್ಘ ವಿರಾಮ, ಎರಡು ಮೂರು ಕಡೆ ನೀರು ಎಂದು ಲೆಕ್ಕ ಹಾಕಿದರೆ ಬೆಳಿಗ್ಗೆ ಎಂಟಕ್ಕೆ ಹೊರಟ ಇಬ್ಬರು ಸವಾರರು ಇಳಿಹೊತ್ತಿಗೆ ಮುನ್ನ ಹಳೇಬೀಡಿನ, ಎಂದರೆ ಹಿಂದಿನ ದೋರಸಮುದ್ರದ, ಕೆರೆ ಏರಿ ತಲುಪಬಹುದು. ಈ ಅಲ್ಪ ದೂರದಲ್ಲಿ ನಾಡಿನ ಸ್ವರೂಪವೇ ಬದಲಾಗುತ್ತದೆ. ಬಿಕ್ಕೋಡಿನ ಸುತ್ತ ಕಾಫಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ತಗ್ಗಿನಲ್ಲಿ ಭತ್ತದ ಗದ್ದೆ. ಬೇಲೂರು ದಾಟಿದರೆ ತೆಂಗು, ರಾಗಿ, ಮುಸುಕಿನ ಜೋಳ, ಶುಂಠಿ, ಆಲೂಗೆಡ್ಡೆ. ಬೇಲೂರು ಸಮುದ್ರಮಟ್ಟದಿಂದ ಸುಮಾರು 975 ಮೀಟರ್ ಎತ್ತರದಲ್ಲಿದ್ದರೆ ಹಳೇಬೀಡು ಸುಮಾರು 880 ಮೀಟರ್. ಮಲೆನಾಡಿನ ಸೆರಗು ಎಲ್ಲಿ ಮುಗಿಯಿತು, ಬಯಲು ಎಲ್ಲಿ ಶುರುವಾಯಿತು ಎಂಬುದು ವಾಹನದಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಕುದುರೆಯ ಮೇಲಿದ್ದವರಿಗೆ ಅದು ಗೊರಸಿನ ಸದ್ದಿನಲ್ಲೇ ತಿಳಿಯುತ್ತದೆ: ತರಗೆಲೆಯ ಮೆತ್ತನೆ ಹೋಗಿ ಗಟ್ಟಿ ಕೆಂಪು ನೆಲ ಬಂದಿರುತ್ತದೆ.

ಹೊಯ್ಸಳರು ನಡೆದ ದಿಕ್ಕೂ ಇದೇ. ಅವರ ಮೂಲನೆಲೆ ಸೊಸೆವೂರು, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ದಟ್ಟ ಮಲೆಯೊಳಗಿತ್ತು. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ದೋರಸಮುದ್ರಕ್ಕೆ ರಾಜಧಾನಿ ಇಳಿದು ಬಂತು. ಮಲೆಯ ನಾಯಕರನ್ನು ಗೆದ್ದವರೆಂದು ‘ಮಲೆಪರೊಳ್ಗಂಡ’ ಎಂಬ ಬಿರುದನ್ನು ಹೆಮ್ಮೆಯಿಂದ ಹೊತ್ತ ಅರಸರು ಕೊನೆಗೆ ಬಯಲಿನಲ್ಲಿ ನೆಲೆ ನಿಂತದ್ದಕ್ಕೆ ಕಾರಣಗಳು ಹಲವು. ನೀರಾವರಿ, ಬೇಸಾಯ, ವ್ಯಾಪಾರ ಎಲ್ಲವೂ ಅದರಲ್ಲಿ ಸೇರಿವೆ. ಕುದುರೆಯನ್ನೂ ಆ ಪಟ್ಟಿಗೆ ಸೇರಿಸುವುದು ನ್ಯಾಯ. ಮಲೆಯ ಮಳೆ, ಕೆಸರು, ಇಕ್ಕಟ್ಟಿನ ದಾರಿ ಕುದುರೆಗೆ ಒಗ್ಗುವುದಿಲ್ಲ. ಸಾವಿರಾರು ಕುದುರೆಗಳ ದಂಡು ಕಟ್ಟುವವರಿಗೆ ಬಯಲು ಬೇಕೇಬೇಕು. ಬಿಕ್ಕೋಡಿನಿಂದ ಹಳೇಬೀಡಿಗೆ ಕುದುರೆಯಲ್ಲಿ ಹೋಗುವವರು ಆ ಇಳಿತವನ್ನು ತಮ್ಮ ಕುದುರೆಯ ಉಸಿರಿನಲ್ಲೇ ಗಮನಿಸಬಹುದು. ತೋಟದ ಏರಿಳಿತಗಳಲ್ಲಿ ಏದುಸಿರು ಬಿಡುವ ಪ್ರಾಣಿ ಹಳೇಬೀಡಿನ ಬಯಲಿಗೆ ಬಂದಾಗ ತಾನಾಗಿಯೇ ಹೆಜ್ಜೆ ಬೀಸುತ್ತದೆ.

ಇಂಥ ಸವಾರಿಗೆ ಒಬ್ಬರಿಗಿಂತ ಇಬ್ಬರು ಮೇಲು ಎನ್ನುವುದಕ್ಕೆ ಮೊದಲ ಕಾರಣ ಕುದುರೆಯ ಸ್ವಭಾವ. ಕುದುರೆ ಗುಂಪಿನ ಪ್ರಾಣಿ. ಬಯಲಿನಲ್ಲಿ ಬಿಟ್ಟರೆ ಒಂದು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನ ಸುಮಾರು 350 ಡಿಗ್ರಿಯಷ್ಟು ನೋಟ ಒಮ್ಮೆಗೇ ಸಿಗುತ್ತದೆ. ಕಾಣದೆ ಉಳಿಯುವುದು ಮೂಗಿನ ನೇರ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ನೇರ ಹಿಂದೆ. ಬೇಟೆಗೆ ಬಲಿಯಾಗುವ ಪ್ರಾಣಿಗೆ ಓಡುವುದೇ ರಕ್ಷಣೆ. ಆದ್ದರಿಂದ ಗಾಳಿಗೆ ಹಾರುವ ಪ್ಲಾಸ್ಟಿಕ್ ಹಾಳೆ, ಬೇಲಿಯಾಚೆ ಧುತ್ತನೆ ಬೊಗಳುವ ನಾಯಿ, ಯಾವುದಕ್ಕಾದರೂ ಅದು ಪಕ್ಕಕ್ಕೆ ಜಿಗಿದೀತು. ಜೊತೆಯ ಕುದುರೆ ಹೆದರದೆ ನಿಂತಿದ್ದರೆ ಇದೂ ನಿಲ್ಲುತ್ತದೆ. ಅದಕ್ಕೇ ಅನುಭವಿ ಕುದುರೆಯನ್ನು ಮುಂದೆ ಬಿಡುವುದು ವಾಡಿಕೆ. ಹಿಂದಿನದು ಕನಿಷ್ಠ ಒಂದು ಕುದುರೆಯುದ್ದ ಅಂತರ ಕಾಯಬೇಕು. ಒದೆಯುವ ಚಾಳಿಯ ಕುದುರೆಯ ಬಾಲಕ್ಕೆ ಕೆಂಪು ಪಟ್ಟಿ ಕಟ್ಟುವ ರೂಢಿ ಸವಾರರ ವಲಯದಲ್ಲಿ ಎಲ್ಲೆಡೆ ಇದೆ.

ಎರಡನೆಯ ಕಾರಣ ಸವಾರರದು. ಜೀನು ಬಿಗಿಯುವ ಹೊಟ್ಟೆಪಟ್ಟಿ ಹೊರಟ ಹತ್ತು ನಿಮಿಷದಲ್ಲಿ ಸಡಿಲವಾಗುತ್ತದೆ, ಏಕೆಂದರೆ ಬಿಗಿಯುವಾಗ ಹಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡಿರುತ್ತವೆ. ಅದನ್ನು ಮೊದಲು ಗಮನಿಸುವುದು ಪಕ್ಕದಲ್ಲಿ ಬರುವ ಗೆಳೆಯ. ಒಬ್ಬರು ಬಿದ್ದರೆ ಇನ್ನೊಬ್ಬರು ಎರಡೂ ಲಗಾಮು ಹಿಡಿಯಬೇಕು, ಸಹಾಯ ಕರೆಯಬೇಕು. ವೇಗವನ್ನು ನಿರ್ಧರಿಸುವುದು ಇಬ್ಬರಲ್ಲಿ ಕಡಿಮೆ ಪಳಗಿದವರು. ಸ್ನೇಹವೆಂಬುದು ಇಲ್ಲಿ ಬರಿಯ ಮಾತುಕತೆಯ ಸುಖವಾಗಿ ಉಳಿಯುವುದಿಲ್ಲ, ದಿನವಿಡೀ ಒಬ್ಬರ ಮೇಲೊಬ್ಬರು ಇಡುವ ಕಣ್ಣಾಗುತ್ತದೆ. ದಾರಿ ಅಗಲವಾದಾಗ ಜೋಡಿಯಾಗಿ, ಕಿರಿದಾದಾಗ ಒಬ್ಬರ ಹಿಂದೊಬ್ಬರಾಗಿ ಸಾಗುವ ಈ ಪಯಣದಲ್ಲಿ ಮಾತೂ ಹಾಗೆಯೇ ಬಂದು ಹೋಗುತ್ತದೆ.

ಕುದುರೆ ಎಲ್ಲಿಂದ ತರಬೇಕು ಎಂಬುದು ಇಂದಿನ ದೊಡ್ಡ ಪ್ರಶ್ನೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಉಳಿದಿರುವ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಇಳಿಕೆ ಶೇ 45ಕ್ಕೂ ಹೆಚ್ಚು. ಜಟಕಾ ಹೋಯಿತು, ಹೊರೆ ಕುದುರೆ ಹೋಯಿತು. ಈಗ ಉಳಿದಿರುವುದು ಹೆಚ್ಚಾಗಿ ಮೆರವಣಿಗೆ, ರೇಸು, ಪೊಲೀಸು, ಸೇನೆ ಮತ್ತು ಕ್ರೀಡೆಗಾಗಿ ಸಾಕಿದವು. ಕರ್ನಾಟಕದಲ್ಲಿ ಕುದುರೆಯ ವಿದ್ಯೆ ಉಳಿದಿರುವ ಜಾಗಗಳು ಬೆರಳೆಣಿಕೆಯಷ್ಟು. ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಿಂದ ಹೆಸರಿರುವ ಕುಣಿಗಲ್‌ನ ಕುದುರೆ ಫಾರ್ಮ್ ರೇಸಿನ ಥರೋಬ್ರೆಡ್‌ಗಳಿಗೆ ಪ್ರಸಿದ್ಧ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳವನ್ನು ದಸರೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಮೈಸೂರು ಸಂಸ್ಥಾನದ ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳ ಜೊತೆಗೂಡಿ ಹೈಫಾ ನಗರವನ್ನು ಗೆದ್ದ ಕಥೆ ಆ ಪರಂಪರೆಗೆ ಸೇರಿದ್ದು. ಬೆಂಗಳೂರಿನಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. ಅಲ್ಲಿಯೇ ಬೆಳೆದ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನ ಅಂತಿಮ ಸುತ್ತನ್ನೂ ತಲುಪಿದರು. ಬೇಲೂರು ಸೀಮೆಯ ದಾರಿಗೆ ರೇಸಿನ ಕುದುರೆ ಬೇಡ. ಅದು ಎತ್ತರ, ನಾಜೂಕು, ಬೇಗ ಬೆದರುತ್ತದೆ. ಮಾರ್ವಾಡಿ, ಕಾಠಿಯಾವಾಡಿ ತಳಿಗಳು ಬಿಸಿಲು ತಡೆಯುತ್ತವೆ. ಭೀಮಾ ತೀರದ ಭೀಮಥಡಿ, ಅಂದರೆ ಹಳೆಯ ದಖನಿ ತಳಿ, ಗಿಡ್ಡಗಿದ್ದರೂ ಗಟ್ಟಿ ಕಾಲಿನದು. ಕಲ್ಲುನೆಲದ ದೂರದ ದಾರಿಗೆ ಅಂಥದೇ ಸರಿ.

ಭಾರದ ಲೆಕ್ಕ ಸರಳ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. 400 ಕೆ.ಜಿ. ತೂಗುವ ಕುದುರೆಗೆ 80 ಕೆ.ಜಿ. ಎಂದರೆ ಗಡಿ. ಜೀನಿನ ತೂಕವೇ ಎಂಟು ಹತ್ತು ಕೆ.ಜಿ. ಇರುವುದರಿಂದ ಸವಾರನಿಗೆ ಉಳಿಯುವುದು 70ರ ಆಸುಪಾಸು. ದಪ್ಪ ಮೈಯವರು ದೊಡ್ಡ ಕುದುರೆಯನ್ನೇ ಆರಿಸಬೇಕು, ಇದರಲ್ಲಿ ದಾಕ್ಷಿಣ್ಯ ಸಲ್ಲ. ಜೀನಿನಡಿಯ ಬಟ್ಟೆಯಲ್ಲಿ ಒಂದು ಮಡಿಕೆ, ಒಂದು ಹುಲ್ಲುಕಡ್ಡಿ ಉಳಿದರೂ ಸಂಜೆಯ ಹೊತ್ತಿಗೆ ಬೆನ್ನು ಹುಣ್ಣಾಗಿರುತ್ತದೆ. ರಿಕಾಪಿಗೆ ಕಾಲಿನ ಮುಂಭಾಗವನ್ನಷ್ಟೇ ಊರಬೇಕು. ಹಿಮ್ಮಡಿಯಿರುವ ಬೂಟು ಬೇಕೆನ್ನುವುದು ಬಿದ್ದಾಗ ಪಾದ ರಿಕಾಪಿನಲ್ಲಿ ಸಿಕ್ಕಿಕೊಂಡು ಕುದುರೆ ಸವಾರನನ್ನು ಎಳೆದುಕೊಂಡು ಹೋಗದಿರಲಿ ಎಂದು. ತಲೆಗೆ ಹೆಲ್ಮೆಟ್ ಇಲ್ಲದೆ ಹತ್ತುವಂತಿಲ್ಲ. ಗೊರಸಿಗೆ ಹೊಡೆದ ಲಾಳ ಆರರಿಂದ ಎಂಟು ವಾರ ಬಾಳುತ್ತದೆ. ಪ್ರಯಾಣದ ಹಿಂದಿನ ದಿನವೇ ಹೊಸ ಲಾಳ ಹೊಡೆಸುವುದಕ್ಕಿಂತ ವಾರ ಮೊದಲೇ ಹೊಡೆಸಿ, ಕುದುರೆ ಅದಕ್ಕೆ ಹೊಂದಿಕೊಳ್ಳಲು ಬಿಡುವುದು ಜಾಣತನ.

ಬಿಕ್ಕೋಡಿನಿಂದ ಹೊರಡುವ ಹೊತ್ತನ್ನು ತೀರ್ಮಾನಿಸುವುದು ಆನೆಗಳು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ವರ್ಷಗಳಿಂದ ನೆಲೆಸಿವೆ. ಬಿಕ್ಕೋಡು, ಅರೇಹಳ್ಳಿ ಹೋಬಳಿಗಳಲ್ಲಿ ಗುಂಪು ಗುಂಪಾಗಿ ಅಡ್ಡಾಡುತ್ತವೆ. ಬೆಳೆ ಹೋಗಿದೆ, ಕೂಲಿಗೆ ಹೊರಟವರ ಜೀವವೂ ಹೋಗಿದೆ. ಹಗಲಿನಲ್ಲಿ ಅವು ತೋಟದ ನೆರಳಲ್ಲೋ ಕೆರೆಯಂಚಿನ ಪೊದೆಯಲ್ಲೋ ನಿಂತು, ಇಳಿಹೊತ್ತಿನಿಂದ ಬೆಳಗಿನ ಜಾವದವರೆಗೆ ಓಡಾಡುತ್ತವೆ. ಆನೆಯ ಪರಿಚಯವಿಲ್ಲದ ಕುದುರೆ ಅದರ ವಾಸನೆಗೇ ಕೆರಳುತ್ತದೆ, ಆಮೇಲೆ ಲಗಾಮಿಗೆ ಬಗ್ಗುವುದಿಲ್ಲ. ಆದ್ದರಿಂದ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಅಂದಿನ ಸುದ್ದಿ ತಿಳಿಯದೆ ಹೊರಡಬಾರದು. ಹಾಸನ ಜಿಲ್ಲೆಯಲ್ಲಿ ಆನೆಯಿರುವ ಜಾಗವನ್ನು ಮೊಬೈಲ್ ಸಂದೇಶದ ಮೂಲಕ, ದಾರಿಬದಿಯ ಫಲಕಗಳ ಮೂಲಕ ತಿಳಿಸುವ ಏರ್ಪಾಡಿದೆ. ಊರಿನವರು ಹೇಳುವ ಮಾತು ಅದಕ್ಕಿಂತ ಬೇಗ ತಲುಪುತ್ತದೆ. ಬಿಸಿಲೇರಿದ ಮೇಲೆ, ಎಂಟರ ನಂತರ ಹೊರಟು, ತೋಟದ ಭಾಗವನ್ನು ಮಧ್ಯಾಹ್ನದೊಳಗೆ ದಾಟಿಬಿಡುವುದು ಲೇಸು. ಆನೆಯಿರುವ ಸುದ್ದಿ ಬಂದ ದಿನ ಸವಾರಿಯನ್ನೇ ಕೈಬಿಡಬೇಕು. ಅದು ಹೆದರಿಕೆಯಲ್ಲ, ಆ ಸೀಮೆಯ ಜನ ದಿನವೂ ಪಾಲಿಸುವ ಶಿಸ್ತು.

ತೋಟದ ದಾರಿ ಖಾಸಗಿ. ಮಾಲೀಕರ ಒಪ್ಪಿಗೆ ಪಡೆದೇ ಉಣುಗೋಲು ತೆಗೆಯಬೇಕು, ದಾಟಿದ ಮೇಲೆ ಮತ್ತೆ ಹಾಕಬೇಕು. ತೆರೆದಿಟ್ಟರೆ ದನ ನುಗ್ಗುತ್ತದೆ. ಸೋಲಾರ್ ವಿದ್ಯುತ್ ಹರಿಸಿದ ಐಬೆಕ್ಸ್ ಬೇಲಿಯ ಪಕ್ಕ ಕುದುರೆಯನ್ನು ಕಟ್ಟಲೇಬಾರದು. ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಕಣದ ಮೇಲೆ ಹಣ್ಣು ಹರಡಿರುತ್ತದೆ, ಲೈನು ಮನೆಗಳ ಮಕ್ಕಳು ಕುದುರೆ ನೋಡಲು ಓಡಿಬರುತ್ತಾರೆ. ಇಳಿದು ಲಗಾಮು ಹಿಡಿದು ನಡೆಯುವುದು ಆಗ ಮರ್ಯಾದೆಯ ದಾರಿ. ಬೇಲಿಯಂಚಿನ ಲಂಟಾನ ಕುದುರೆಗೆ ವಿಷ. ಮನೆಯಂಗಳದ ಕಣಗಿಲೆಯಂತೂ ಹಿಡಿಯಷ್ಟು ಎಲೆ ತಿಂದರೂ ಪ್ರಾಣ ತೆಗೆಯಬಲ್ಲದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಹೊಟ್ಟೆ ಕೆಡಿಸಿದರೆ ಹೊರಹಾಕುವ ದಾರಿಯೇ ಇಲ್ಲ. ಹೊಟ್ಟೆನೋವಿನಿಂದಲೇ ಸಾಯುವ ಕುದುರೆಗಳ ಸಂಖ್ಯೆ ಸಣ್ಣದಲ್ಲ. ನಡುದಾರಿಯಲ್ಲಿ ತಲೆ ತಗ್ಗಿಸಿ ಹಸಿರಿಗೆ ಬಾಯಿ ಹಾಕದಂತೆ ನೋಡಿಕೊಳ್ಳುವುದರ ಹಿಂದೆ ಇರುವ ಕಾರಣ ಇದು.

ಈ ತೋಟಗಳೊಳಗೆ ಕುದುರೆ ಓಡಾಡಿದ ಕಾಲವೊಂದಿತ್ತು. ಮಂಜರಾಬಾದ್ ಸೀಮೆಯಲ್ಲಿ, ಎಂದರೆ ಇಂದಿನ ಸಕಲೇಶಪುರದ ಸುತ್ತಮುತ್ತ, 1843ರಲ್ಲಿ ಗ್ರೀನ್ ಎಂಬ ಆಂಗ್ಲರು ಕಾಫಿ ತೋಟ ಮಾಡಿದ ಮೇಲೆ ಯುರೋಪಿಯನ್ ಬೆಳೆಗಾರರು ಒಬ್ಬೊಬ್ಬರಾಗಿ ಬಂದರು. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಈ ನಾಡಿನ ಬದುಕನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟರು. ಮೊದಲನೆಯದು 1871ರಲ್ಲಿ, ಎರಡನೆಯದು 1894ರಲ್ಲಿ ಪ್ರಕಟವಾಯಿತು. ಗಾಡಿ ಹೋಗುವ ರಸ್ತೆಗಳೇ ಕಡಿಮೆಯಿದ್ದ ಆ ದಿನಗಳಲ್ಲಿ ತೋಟದಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಹೋಗಲು ದೊರೆಗಳಿಗೆ ಕುದುರೆಯೇ ಗತಿ. ಸರಕು ಹೊತ್ತದ್ದು ಎತ್ತು. ಆಳುಗಳು ನಡೆದರು. ಒಂದೇ ದಾರಿಯಲ್ಲಿ ಮೂರು ಬಗೆಯ ಪಯಣಗಳು ನಡೆಯುತ್ತಿದ್ದವೆಂಬುದನ್ನು ಮರೆಯಬಾರದು. ಕುದುರೆಯ ಮೇಲಿನಿಂದ ಕಾಣುವ ನೋಟ ಸುಂದರವಾದರೂ ಅದು ಯಾರಿಗೆ ದಕ್ಕಿತ್ತು ಎಂಬುದೂ ಆ ನೋಟದ ಚರಿತ್ರೆಯ ಭಾಗವೇ. ಮಲೆನಾಡಿನ ಮಳೆಗೆ ಲಾಯದ ನೆಲ ಒಣಗುತ್ತಿರಲಿಲ್ಲ. ತೇವದಲ್ಲೇ ನಿಂತ ಕುದುರೆಯ ಗೊರಸಿನ ಅಡಿ ಕೊಳೆಯುತ್ತದೆ. ಮೋಟಾರು ಬಂದೊಡನೆ ಕುದುರೆ ತೋಟಗಳಿಂದ ಮರೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಬೇಲೂರಿನ ಹತ್ತಿರ ಡಾಂಬರು ತಪ್ಪುವುದಿಲ್ಲ. ಲಾಳ ಹೊಡೆದ ಗೊರಸು ನುಣುಪು ಡಾಂಬರಿನ ಮೇಲೆ ಜಾರುತ್ತದೆ, ಕುಕ್ಕುಲೋಟದಲ್ಲಿ ಆ ಗಟ್ಟಿ ನೆಲದ ಪೆಟ್ಟು ನೇರ ಕಾಲಿನ ಕೀಲಿಗೆ ಬಡಿಯುತ್ತದೆ. ಅಲ್ಲಿ ನಡಿಗೆ ಮಾತ್ರ, ಅದೂ ಸಾಧ್ಯವಾದಷ್ಟು ಮಣ್ಣಿನ ಅಂಚಿನಲ್ಲಿ. ಊರೊಳಗಿನ ಬಸ್ಸು, ಆಟೊ, ಹಾರನ್ನುಗಳ ನಡುವೆ ಕುದುರೆ ನಡೆಸುವುದು ಯಾರಿಗೂ ಒಳ್ಳೆಯದಲ್ಲ. ಊರನ್ನು ಹೊರಗಿನಿಂದ ಬಳಸಿ, ನೆರಳು ನೀರು ಎರಡೂ ಇರುವ ಕಡೆ ಇಳಿಯಬೇಕು. ಹೇಮಾವತಿಯ ಉಪನದಿ ಯಗಚಿ ಬೇಲೂರಿನ ಪಕ್ಕದಲ್ಲೇ ಹರಿಯುತ್ತದೆ.

ಮಧ್ಯಾಹ್ನದ ವಿರಾಮ ಸವಾರರ ಊಟಕ್ಕಿಂತ ಹೆಚ್ಚಾಗಿ ಕುದುರೆಗಾಗಿ. ಜೀನು ಇಳಿಸಿ, ಬೆವರು ಒರೆಸಿ, ಉಸಿರು ತಹಬಂದಿಗೆ ಬಂದ ಮೇಲೆ ನೀರು ತೋರಿಸುವುದು ಹಳಬರ ಕ್ರಮ. ವಯಸ್ಕ ಕುದುರೆ ದಿನಕ್ಕೆ 25ರಿಂದ 45 ಲೀಟರ್ ಕುಡಿಯುತ್ತದೆ, ಬಿಸಿಲಿನಲ್ಲಿ ದುಡಿದಾಗ ಇನ್ನೂ ಹೆಚ್ಚು. ಮೇವು ಒಣಹುಲ್ಲು, ದಕ್ಷಿಣದಲ್ಲಿ ಕುದುರೆಗೆ ಬೇಯಿಸಿದ ಹುರುಳಿ ಕೊಡುವ ಪದ್ಧತಿ ಬಹು ಹಳೆಯದು. ಹೊರೆ ಹೊರುವ ಪ್ರಾಣಿಗಳನ್ನು ಕುರಿತು 1965ರಲ್ಲಿ ಬಂದ ಕೇಂದ್ರದ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವುದನ್ನು ನಿಷೇಧಿಸುತ್ತವೆ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮೋಜಿನ ಸವಾರಿಗೆ ಹೊರಟವರು ಈ ಮಿತಿಯ ಅಂಚಿಗೂ ಹೋಗಬಾರದು. ಐದು ಗಂಟೆಯ ಬದಲು ಎರಡು ಗಂಟೆಗೊಮ್ಮೆ ಇಳಿಯುವುದೇ ಧರ್ಮ.

ಬೇಲೂರಿನಾಚೆ ದಾರಿಗೆ ಬೇರೆಯದೇ ಚರಿತ್ರೆ ಸೇರಿಕೊಳ್ಳುತ್ತದೆ. ಹೊಯ್ಸಳ ಅರಸ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲಕ್ಕೆ ಅವನು ಕಲ್ಯಾಣದ ಚಾಲುಕ್ಯರ ಸಾಮಂತ. ಕೆಲವೇ ವರ್ಷಗಳ ಬಳಿಕ, 1129ರ ಸುಮಾರಿಗೆ, ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗೆ ದೊಡ್ಡ ಸ್ಥಾನವಿದೆ. ಕುದುರೆಗಳನ್ನು ಅವು ಹುಟ್ಟಿದ ನಾಡುಗಳ ಪ್ರಕಾರ ವಿಂಗಡಿಸಿ, ಪಳಗಿಸುವ ಬಗೆಯನ್ನೂ ಕುದುರೆಯ ಮೇಲೆ ಕೂತು ಚೆಂಡಾಡುವ ಅರಸರ ವಿನೋದವನ್ನೂ ಅದು ಬಣ್ಣಿಸುತ್ತದೆ. ಕನ್ನಡದಲ್ಲೂ ಕುದುರೆಯ ಶಾಸ್ತ್ರವಿತ್ತು. ಅಭಿನವಚಂದ್ರನ ಅಶ್ವಶಾಸ್ತ್ರ, ಮೈಸೂರು ಒಡೆಯರ ಕಾಲದ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಆ ಸಾಲಿನವು. ಕುದುರೆಯ ಮೇಲ್ವಿಚಾರಕನಿಗೆ ಶಾಸನಗಳಲ್ಲಿ ‘ಸಾಹಣಿ’ ಎಂಬ ಹುದ್ದೆಯ ಹೆಸರು ಸಿಗುತ್ತದೆ. ಊರೂರಿನ ವೀರಗಲ್ಲುಗಳಲ್ಲಿ ಕುದುರೆಯೇರಿ ಕಾದಿದವರು ಇಂದಿಗೂ ನಿಂತಿದ್ದಾರೆ.

ಆದರೆ ಆ ಕುದುರೆಗಳಲ್ಲಿ ಬಹುಪಾಲು ಇಲ್ಲಿ ಹುಟ್ಟಿದವಲ್ಲ. ದಕ್ಷಿಣದ ಬಿಸಿ ತೇವದ ಹವೆಯಲ್ಲಿ ಯುದ್ಧಕ್ಕೆ ಒದಗುವ ಕುದುರೆ ಬೆಳೆಸುವುದು ಕಷ್ಟ. ಅರಬ್ಬರ ನಾಡು, ಪರ್ಷಿಯಾಗಳಿಂದ ಹಡಗಿನಲ್ಲಿ ಬಂದು ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಬೇಕಿತ್ತು. ಅರಸೀಕೆರೆ ಸೀಮೆಯ ಹನ್ನೆರಡನೇ ಶತಮಾನದ ಶಾಸನವೊಂದು ಕುದುರೆ, ಆನೆ, ಮುತ್ತುಗಳನ್ನು ಹಡಗಿನಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯನ್ನು ಹೊಗಳುತ್ತದೆ. ಸಮುದ್ರದಿಂದ ಇಷ್ಟು ದೂರದ ಒಳನಾಡಿನ ಪೇಟೆಯವನು ಕಡಲಾಚೆಯ ಕುದುರೆಯನ್ನು ಅರಮನೆಗೆ ತಲುಪಿಸುತ್ತಿದ್ದನೆಂದರೆ ಆ ವ್ಯಾಪಾರದ ಹರವು ಊಹಿಸಬಹುದು. ಹದಿಮೂರನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ವರ್ಷವರ್ಷವೂ ಸಾವಿರಾರು ಕುದುರೆ ಬಂದಿಳಿಯುತ್ತವೆ, ಆರೈಕೆ ತಿಳಿದವರಿಲ್ಲದೆ ಹೆಚ್ಚಿನವು ಸಾಯುತ್ತವೆ, ಲಾಳ ಹೊಡೆಯುವವರೇ ಇಲ್ಲ ಎಂದು ಬರೆದ. ಮಾರಿದವರಿಗೆ ಲಾಭ, ಕೊಂಡವರಿಗೆ ಮತ್ತೆ ಮತ್ತೆ ಖರ್ಚು. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಾಗ ಹೊಯ್ಸಳ ಅರಸ ಮೂರನೇ ಬಲ್ಲಾಳ ಒಪ್ಪಿಸಬೇಕಾದ ಸಂಪತ್ತಿನಲ್ಲಿ ಆನೆ, ಕುದುರೆಗಳೂ ಇದ್ದವು.

ಹಳೇಬೀಡು ತಲುಪಿದ ಸವಾರರು ಕುದುರೆಗಳನ್ನು ಗುಡಿಯ ಆವರಣದಿಂದ ದೂರ, ನೆರಳಿನಲ್ಲಿ ನಿಲ್ಲಿಸಿ, ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿಬರಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಹೊಯ್ಸಳೇಶ್ವರ ಗುಡಿ, ಬೇಲೂರು ಮತ್ತು ಸೋಮನಾಥಪುರದ ಗುಡಿಗಳ ಜೊತೆ 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹೊರಗೋಡೆಯ ಬುಡದಿಂದ ಎಣಿಸಿದರೆ ಮೊದಲು ಆನೆಯ ಸಾಲು, ಮೇಲೆ ಸಿಂಹ, ಆಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಸಾವಿರಾರು ಜನ ದಿನವೂ ನೋಡುವ ಈ ಸಾಲಿನ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ಕಣ್ಣು ಮೇಲಿನ ರಾಮಾಯಣ, ಮಹಾಭಾರತಕ್ಕೆ, ಇನ್ನೂ ಮೇಲಿನ ದೇವದೇವಿಯರಿಗೆ ಹೋಗಿಬಿಡುತ್ತದೆ. ಹಗಲೆಲ್ಲ ಜೀನಿನ ಮೇಲೆ ಕೂತು ಬಂದವರು ಮಾತ್ರ ಇಲ್ಲೇ ನಿಲ್ಲಬೇಕು. ಕಡಿವಾಣ ಬಾಯಿಯಲ್ಲಿ ಕೂತ ಬಗೆ, ಎದೆಪಟ್ಟಿ, ಜೀನಿನ ಬಾಗು, ರಿಕಾಪಿನಲ್ಲಿ ಊರಿದ ಪಾದ, ಇವೆಲ್ಲವನ್ನೂ ಶಿಲ್ಪಿ ಕಂಡು ಕಡೆದಿದ್ದಾನೆ. ಫ್ರೆಂಚ್ ವಿದ್ವಾಂಸ ಜ್ಯಾಂ ದೆಲೋಷ್ ಹೊಯ್ಸಳ ಶಿಲ್ಪದಲ್ಲಿ ಕಾಣುವ ಯುದ್ಧ ಸಲಕರಣೆಗಳ ಬಗ್ಗೆಯೇ 1989ರಲ್ಲಿ ಒಂದು ಪುಸ್ತಕ ಬರೆದರು. ಬರಹದಲ್ಲಿ ಉಳಿಯದ ಸವಾರಿಯ ವಿವರಗಳಿಗೆ ಬಳಪದ ಕಲ್ಲು ಆಧಾರವಾಗಿ ಒದಗಿದೆ. ನಿಜವಾದ ರಿಕಾಪಿನಲ್ಲಿ ಕಾಲಿಟ್ಟು ಬಂದವರಿಗೆ ಆ ಶಿಲ್ಪಿಯ ಕಣ್ಣಿನ ನಿಖರತೆ ತಟ್ಟನೆ ಅರಿವಾಗುತ್ತದೆ.

ಈ ದಾರಿಗೆ ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಜಾರುವ ಕೆಸರು. ಮಾರ್ಚ್, ಏಪ್ರಿಲ್‌ನ ಹೂಮಳೆಯ ನಂತರ ಕಾಫಿ ತೋಟ ಬೆಳ್ಳಗೆ ಅರಳಿ ಘಮಘಮಿಸುವ ಕೆಲವು ದಿನಗಳ ಆಕರ್ಷಣೆ ದೊಡ್ಡದು. ಆದರೆ ಆಗ ತೋಟದ ತುಂಬ ಜೇನು, ಜೇನಿಗೆ ಕುದುರೆಯ ಬೆವರಿನ ವಾಸನೆ ಆಗದು ಎಂಬುದು ತಿಳಿದವರ ಮಾತು. ಆ ದಿನಗಳಲ್ಲಿ ಹೂವನ್ನು ನಡೆದು ನೋಡುವುದೇ ಕ್ಷೇಮ.

ದಿನ ಮುಗಿದ ಮೇಲೂ ಕುದುರೆಯ ಕೆಲಸ ಮುಗಿಯುವುದಿಲ್ಲ. ಕೊನೆಯ ಒಂದೆರಡು ಕಿ.ಮೀ. ಹೊಟ್ಟೆಪಟ್ಟಿ ಸಡಿಲಿಸಿ, ಇಳಿದು ನಡೆಸಿಕೊಂಡು ಬರಬೇಕು. ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದುಡಿದು ಬಂದದ್ದು ಅರ್ಧ ಗಂಟೆಯಲ್ಲಿ 60ರ ಕೆಳಗಿಳಿಯದಿದ್ದರೆ ದಾರಿ ಅದಕ್ಕೆ ಹೆಚ್ಚಾಯಿತೆಂದೇ ಅರ್ಥ. ಗೊರಸಿನ ಸಂದಿಯ ಕಲ್ಲು ಕೆದಕಿ ತೆಗೆಯಬೇಕು, ಬೆನ್ನಿನ ಮೇಲೆ ಅಂಗೈ ಆಡಿಸಿ ಬಿಸಿ, ಊತ ನೋಡಬೇಕು. ನೀರು, ಹುಲ್ಲು ಮೊದಲು. ಹುರುಳಿ ಒಂದು ಗಂಟೆ ಬಿಟ್ಟು. ಅದೇ ದಾರಿಯಲ್ಲಿ ಮರುದಿನವೇ ಹಿಂದಿರುಗುವ ಯೋಚನೆಯಿದ್ದರೆ ಬೆಳಿಗ್ಗೆ ಜೀನು ಹಾಕುವ ಮುಂಚೆ ಎರಡೂ ಕುದುರೆಗಳನ್ನು ಗಟ್ಟಿ ನೆಲದ ಮೇಲೆ ಒಂದಿಷ್ಟು ದೂರ ಓಡಿಸಿ ನೋಡಬೇಕು. ಎರಡರಲ್ಲಿ ಒಂದು ತಲೆ ಎತ್ತಿ ಇಳಿಸಿ ಕುಂಟಿದರೂ ಇಬ್ಬರ ಪ್ರಯಾಣವೂ ಅಲ್ಲಿಗೆ ನಿಲ್ಲುತ್ತದೆ. ಆಗ ಒಬ್ಬರು ಕುದುರೆಗಳ ಬಳಿ ಉಳಿದು, ಇನ್ನೊಬ್ಬರು ಪಶುವೈದ್ಯರನ್ನು ಕರೆತರುತ್ತಾರೆ.